ಎರವಲು ಕಿವಿ

ಹೇಳಬಾರದು ಇದನ್ನು. ಕಡತದ ಮಾತು ಕಡತದೊಳಗೇ
ಸಾಯಬೇಕೆಂದು ಸಹಿ ಹಾಕಿದ್ದೇನೆ.
ಕನ್ನಡದಲ್ಲಿ ಹೇಳಿದರೆ ಈ ಗ್ರಿಮ್ಸ್‌ಬಿಯಲ್ಲಿ
ಓದುವವರು ಯಾರು? ನನ್ನ ಗಂಡನೇ ಓದುವುದಿಲ್ಲ.
ಅದಕ್ಕೇ ಹೇಳುತ್ತೇನೆ.

ಪೋಸ್ಟರಿನಲ್ಲಿ ನೆವ್ ಬ್ಲೇಜ್. ತೊಗಲಿನ ಪ್ಯಾಂಟು, ಬರಿಯೆದೆ,
ಕತ್ತು ಹಿಸುಕುವಂತೆ ಹಿಡಿದ ಮೈಕು.
ನನ್ನ ಪಟ್ಟಿಯಲ್ಲಿ ಬ್ರಾಥ್‌ವೇಟ್, ನೆವಿಲ್ ಆರ್ಥರ್,
ವಯಸ್ಸು ಅರವತ್ತೆಂಟು, ಮಂಗಳವಾರ, ಹತ್ತೂ ಇಪ್ಪತ್ತು.
ಹತ್ತಕ್ಕೇ ಬಂದು, ಟೋಪಿ ತೊಡೆಯ ಮೇಲಿಟ್ಟು
ಶಾಲೆಗೆ ಸೇರಿಸಲು ಕರೆತಂದ ಹುಡುಗನಂತೆ ಕೂತಿರುತ್ತಿದ್ದ.

ನಿಮ್ಮ ಒಂದು ಹಾಡೂ ಕೇಳಿಲ್ಲ ನಾನು, ಅಂದೆ.
"ಸರಿಹೋಯಿತು," ಅಂದ,
"ಹದಿನೈದು ವರ್ಷದಿಂದ ನಾನೂ ಕೇಳಿಲ್ಲ."

ಗಾಜಿನ ಗೂಡಿನಲ್ಲಿ ಕೂರಿಸಿ ಸಣ್ಣ ಸಣ್ಣ ಸದ್ದು ಕಳಿಸುವುದು ನನ್ನ ಕೆಲಸ,
ಕೇಳಿದಾಗ ಗುಂಡಿ ಒತ್ತುವುದು ಅವನದು.
ಮೊದಲ ಸಲ ಎಲ್ಲಕ್ಕೂ ಒತ್ತಿದ. ಹದಿನಾರರ ಹುಡುಗಿಯ ಕಿವಿ!
ನೋಡಿದರೆ, ಕಳ್ಳ,
ನನ್ನ ಬೆರಳಾಡುವುದನ್ನು ನೋಡಿ ನೋಡಿ ಒತ್ತುತ್ತಿದ್ದ.
ಕುರ್ಚಿಯನ್ನು ಗೋಡೆಗೆ ತಿರುಗಿಸಿದೆ.
ಗುಂಡಿ ಸುಮ್ಮನಾಯಿತು.
ನಾನು ಕಳಿಸುತ್ತಲೇ ಇದ್ದೆ, ಅವನು ಕಾಯುತ್ತಲೇ ಇದ್ದ.
ಕಾಣುತ್ತಿದ್ದದ್ದು ಬೆನ್ನು ಮಾತ್ರ, ಬೂದು ಕಾರ್ಡಿಗನ್,
ಹೆಗಲ ಹತ್ತಿರ ಹಸಿರು ದಾರದ ರಫು.
ಅವನೇ ಹಾಕಿದ್ದಂತೆ. ಬಸ್ಸಿನಲ್ಲಿ ಊರೂರು ಅಲೆಯುವಾಗ
ಡ್ರಮ್ಮರನ ತಾಯಿ ಕಲಿಸಿದ್ದಂತೆ.

ಗೆರೆ ಎಳೆದು ತೋರಿಸಿದೆ. ಎಡದಿಂದ ನೆಟ್ಟಗೆ ಹೊರಟದ್ದು
ನಡುವೆ ದಡಕ್ಕನೆ ಕೆಳಗೆ, ಹಡಗುಕಟ್ಟೆಯ ಅಂಚಿನಂತೆ.
ಹಕ್ಕಿ ಇಲ್ಲ. ಸ ಇಲ್ಲ, ಫ ಇಲ್ಲ.
ಫೋನಿನಲ್ಲಿ ಆಡಿದ್ದು ಮುಕ್ಕಾಲು ಇಲ್ಲ.
ಅವನು ಟೋಪಿಯ ಅಂಚನ್ನು ಸುತ್ತಲೂ ಮುಟ್ಟಿ ಬಂದ.
ಒಂದು ಭಾನುವಾರ ಮಗಳು ಏನೋ ಕೇಳಿದ್ದಳಂತೆ,
ಕಾರು ಬೇಕೇ ಅಂದಳೆಂದು ತಿಳಿದು
"ಬೇಡ ಬಿಡಮ್ಮ" ಅಂದಿದ್ದನಂತೆ.
ಆಮೇಲೆ ಅವಳು ಫೋನು ಮಾಡಿಲ್ಲ.
"ಬರಲೇ ಅಂತ ಕೇಳಿದ್ದಳೋ ಏನೋ," ಅಂದ, ಗೆರೆಗೆ.

ಒಳ್ಳೆಯವನು ಅಂತೇನೂ ಹೇಳಲಾರೆ.
ಪಾರ್ಕಿಂಗ್ ಚೀಟಿಯ ಜಗಳಕ್ಕೆ ಒಮ್ಮೆ ಕಿರುಚಿದ ನೋಡಿ,
ಮೂರು ವಾರ್ಡು ತಿರುಗಿ ನೋಡಿತು.
ಜನ ದುಡ್ಡು ಕೊಟ್ಟು ಏನು ಕೇಳುತ್ತಿದ್ದರೆಂದು ಆವತ್ತು ಗೊತ್ತಾಯಿತು.
ಮುಂದಿನ ವಾರ ಕೌಂಟರಿನ ಹುಡುಗಿಯ ಮುಂದೆ
ಹೊಗೆ ಹಾಕಿದ ಹ್ಯಾಡಕ್ ಮೀನಿನ ಪೊಟ್ಟಣ ಇಟ್ಟ.
ತಪ್ಪಾಯಿತು ಅನ್ನಲಿಲ್ಲ. ಬೇಯಿಸುವ ವಿಧಾನ ಹೇಳಿ ಹೋದ.

ಯಂತ್ರ ಕೂರಿಸಿದ ದಿನ, "ಏನದು?" ನಿಮ್ಮ ಕೋಟು.
"ಮತ್ತೆ ಇದು?" ನೀವೇ, ಉಸಿರಾಡುತ್ತಿರುವುದು.
"ಇಷ್ಟು ಗದ್ದಲವೇ ನಾನು?"

ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಅಂದ. ಕಿವಿ, ಅಂದೆ.
"ಹಣ್ಣೇ?" ನಕ್ಕೆವು.
ಕೇಳು ಅನ್ನಲು ಕಿವಿಗೊಡು ಅನ್ನುತ್ತೇವೆ, ಅಂದೆ.
ಅವನು ಯೋಚಿಸಿದ. "ನಾವು ಎರವಲು ಮಾತ್ರ ಕೊಡುತ್ತೇವೆ.
ನೀವು ಕೊಟ್ಟೇ ಬಿಡುತ್ತೀರಾ? ದಡ್ಡರು."

ಫೆಬ್ರುವರಿಯಲ್ಲಿ ಊರೆಲ್ಲ ಅವನದೇ ಧ್ವನಿ,
ಕಾರಿನ ಕಿಟಕಿ, ಮೀನಿನಂಗಡಿ, ಕ್ಷೌರದಂಗಡಿ.
ಬೆಂಕಿ ಅಂದರು, ಮಿಂಚು ಅಂದರು, ಒಡೆದ ಹೋಟೆಲು ಕೋಣೆಗಳ ಲೆಕ್ಕ ಕೊಟ್ಟರು.
ಯಾರೂ ಹಸಿರು ದಾರದ ಸುದ್ದಿ ಎತ್ತಲಿಲ್ಲ.

ಅಕ್ಕ ಮ್ಯಾವಿಸ್ ಕಂದು ಲಕೋಟೆ ತಂದಳು.
ಆಸ್ಪತ್ರೆಯ ಸ್ವತ್ತು, ಸತ್ತ ಮೇಲೆ ಹಿಂದಿರುಗಿಸಬೇಕು.
ಮಗಳು ಬಂದಿದ್ದಳೇ, ಅಂತ ಬಾಯಿ ತುದಿಗೆ ಬಂತು.
ಸಹಿ ತೋರಿಸಿದೆ, ಹಾಕಿದಳು, ಹೋದಳು.

ಎರಡನ್ನೂ ಅಂಗೈಗೆ ಸುರುವಿಕೊಂಡು ಮುಷ್ಟಿ ಮುಚ್ಚಿದೆ.
ಬ್ಯಾಟರಿ ಯಾರೂ ತೆಗೆದಿರಲಿಲ್ಲ.
ಕುಂಯ್ ಅಂತ ಕೂಗಿಕೊಂಡವು,
ಮೈಕು ಸ್ಪೀಕರಿಗೆ ತೀರಾ ಹತ್ತಿರ ಹೋದಾಗ ಕೂಗುವ ಹಾಗೆ,
ಪುಟ್ಟದಾಗಿ.

ಹತ್ತೂ ನಲವತ್ತರವರು ಹೊರಗೆ ಕೆಮ್ಮಿದರು.
ಇನ್ನೊಂದಿಷ್ಟು ಹೊತ್ತು ಮುಷ್ಟಿ ಬಿಚ್ಚಲಿಲ್ಲ.