ಔಟ್‌ಟರ್ನ್

ಗೋಣಿಕೊಪ್ಪದ ಕಾಫಿ ಮಂಡಿಯಲ್ಲಿ
ಒಂಬತ್ತು ವರ್ಷದಿಂದ ತಕ್ಕಡಿ ನನ್ನ ಕೆಲಸ.
ಚೀಲ ಏರಿಸು, ಗೋಣಿಯ ತೂಕ ಕಳೆ,
ತೇವ ಹೆಚ್ಚಿದ್ದರೆ ಬೆಲೆ ಇಳಿಸು.
ಎಲ್ಲರೂ ಹೋದ ಮೇಲೆ ನಾನೇ ಹತ್ತಿ ನಿಲ್ಲುತ್ತೇನೆ.
ಎಂಬತ್ತಾರು.
ಕಳೆಯಲು ಗೋಣಿಯಿಲ್ಲ,
ಚಪ್ಪಲಿ ಬಿಟ್ಟರೆ ಮುನ್ನೂರು ಗ್ರಾಂ.

ಜನವರಿಯಲ್ಲಿ ನಿಂತ ಮುಟ್ಟು
ತೋಟವೆಲ್ಲ ಹೂ ಬಿಟ್ಟರೂ ಬರಲಿಲ್ಲ.
ಗಲ್ಲದಲ್ಲಿ ಮೂರು ಗಡಸು ಕೂದಲು,
ಅವಕ್ಕೆ ಹೆಸರಿಟ್ಟಿದ್ದೇನೆ, ಹೇಳುವುದಿಲ್ಲ.
ಉಂಡು ಗಂಟೆಯಾಗಿಲ್ಲ, ಮತ್ತೆ ಹಸಿವು.
"ಬಾಯಿ ಕಟ್ಟು" ಅಂದವರಿಗೆ ಲೆಕ್ಕವಿಲ್ಲ.
ಬೊಳ್ಳಮ್ಮ ದೊಡ್ಡಮ್ಮ ಮಾತ್ರ
ಬಿಸಿನೀರಿಗೆ ಕಾಚಂಪುಳಿ ಬಿಟ್ಟು ಕುಡಿ ಅಂದಳು.
ಕುಡಿದೆ.
ಪಂದಿಕರಿ ನೆನಪಾಗಿ ಹಸಿವು ಇಮ್ಮಡಿಯಾಯಿತು.

ಆಮೇಲೆ ಕತ್ತು.
ಹಿಂದೆ, ಕೂದಲು ಮುಗಿಯುವಲ್ಲಿ ಒಂದು ಕಪ್ಪು ಪಟ್ಟಿ,
ಮುಟ್ಟಿದರೆ ಮಕಮಲ್ಲು.
ತಮ್ಮನ ಮದುವೆಗೆ ಹದಿನೈದು ದಿನ.
ಅವ್ವ ಬಚ್ಚಲಲ್ಲಿ ಕೂರಿಸಿ
ನಿಂಬೆ ಹೋಳು, ಕಡಲೆಹಿಟ್ಟು, ಕೊನೆಗೆ ತೆಂಗಿನ ನಾರು.
"ಮೂವತ್ತೊಂದು ವರ್ಷ, ಕತ್ತು ತೊಳೆಯಲು ಬಾರದಾ?
ಜೋಮಾಲೆ ಹಾಕಿದರೆ ಜನ ಯಾವುದನ್ನು ನೋಡುತ್ತಾರೆ?"
ಚರ್ಮ ಸುಲಿದು ಕೆಂಪಾಯಿತು.
ಕಪ್ಪು ಅಲ್ಲೇ ಇತ್ತು.

ವಿರಾಜಪೇಟೆಯ ಡಾಕ್ಟರ್ ಸುಹರಾ
ತೂಕ ಕೇಳಲಿಲ್ಲ. ಎದ್ದು ಬಂದು
ಹಿಂದೆ ನಿಂತು ಜಡೆ ಎತ್ತಿದರು.
"ಉಜ್ಜಿದ್ದು ಯಾರು?"
ಅವ್ವ ಕಿಟಕಿಯಾಚೆ ನೋಡಿದಳು.
"ಇದು ಕೊಳೆಯಲ್ಲ."

ರಕ್ತದ ಚೀಟಿ ಬಂದ ಮೇಲೆ ಬಿಡಿಸಿ ಹೇಳಿದರು.
ನನಗೆ ತಿಳಿದದ್ದು ಮಂಡಿಯ ಭಾಷೆಯಲ್ಲಿ:
ಒಳಗೊಬ್ಬ ರೈಟರ್, ಹೆಸರು ಇನ್ಸುಲಿನ್.
ಉಂಡದ್ದು ಸಕ್ಕರೆಯಾಗಿ ಬಂದಾಗ
ಲೈನ್‌ಮನೆಗಳ ಮುಂದೆ ನಿಂತು ಕೂಗಬೇಕು,
ಬಾಗಿಲು ತೆಗೀರಿ, ರೇಷನ್ ಬಂದಿದೆ.
ಲೈನ್‌ಮನೆಗಳಿಗೆ ಕಿವುಡು.
ಒಬ್ಬನ ಜಾಗದಲ್ಲಿ ನಾಲ್ವರು ಬಂದು ಕೂಗುತ್ತಾರೆ.
ಗೋದಾಮಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ,
ಹೊಟ್ಟೆಯ ಸುತ್ತ ಚೀಲದ ಮೇಲೆ ಚೀಲ,
ಹೊರಗೆ ಹೊರಟ ಲಾರಿಗೆ ಗೇಟು ಬೀಳುತ್ತದೆ.
ಮನೆಯಲ್ಲಿ ಹಸಿವು, ಗೋದಾಮಿನಲ್ಲಿ ಜಾಗವಿಲ್ಲ.
ಈ ಗದ್ದಲಕ್ಕೆ ಅಂಡಾಶಯ ಲೆಕ್ಕ ತಪ್ಪಿ
ಗಂಡಸಿನ ಹಾರ್ಮೋನನ್ನು ಕೈತುಂಬ ಸುರಿಯುತ್ತದೆ.
ಕತ್ತಿನ ಚರ್ಮವೂ ಅದೇ ಕೂಗು ಕೇಳಿ
ಬೇಡವೆಂದರೂ ಬೆಳೆಯುತ್ತದೆ.

"ದಪ್ಪಗಾಗಿ ಇದು ಬಂತಾ,
ಇದು ಬಂದು ದಪ್ಪಗಾದೆನಾ?"
"ಎರಡೂ ಒಂದನ್ನೊಂದು ಸಾಕುತ್ತವೆ," ಅಂದರು.
ಮಾತ್ರೆ ಬರೆದರು, ದಿನಾ ನಡೆಯಲು ಹೇಳಿದರು,
ಬಿಸ್ಕತ್ತಿನ ಡಬ್ಬಿ ಕೊಟ್ಟುಬಿಡು ಅಂದರು.
ಬೈಯಲಿಲ್ಲ. ಅದಕ್ಕೇ ಕಣ್ಣು ತುಂಬಿತು.

ಸಿಪ್ಪೆಯ ತೂಕ ನಂಬಬೇಡಿ,
ಒಂದು ಹಿಡಿ ಬಿಡಿಸಿ ಬೀಜ ತೂಗೋಣ ಎಂದು
ಎಷ್ಟು ಬೆಳೆಗಾರರಿಗೆ ಹೇಳಿದ್ದೇನೆ ನಾನು,
ಇದೇ ಬಾಯಲ್ಲಿ.

ಬಸ್ಸಿನಲ್ಲಿ ಅವ್ವ ಮಾತಾಡಲಿಲ್ಲ.
ರಾತ್ರಿ ನನ್ನ ಕೋಣೆಗೆ ಬಂದು, ದೀಪ ಹಾಕಿ,
ತಲೆಯ ವಸ್ತ್ರದ ಗಂಟು ಬಿಚ್ಚಿದಳು.
ಬೆನ್ನು ತಿರುಗಿಸಿ ಕತ್ತು ಬಗ್ಗಿಸಿದಳು.
ನಲವತ್ತು ವರ್ಷ ಬಟ್ಟೆಯಡಿಯಲ್ಲಿದ್ದ ಅದೇ ಪಟ್ಟಿ,
ನನ್ನದಕ್ಕಿಂತ ಅಗಲ.
"ಇದು ಗಂಟು ಒತ್ತಿದ ಗುರುತು ಅಂದುಕೊಂಡಿದ್ದೆ."

ನಾನು ಬೆರಳಿಟ್ಟೆ. ಉಜ್ಜಲಿಲ್ಲ.
ಸ್ವಲ್ಪ ಹೊತ್ತಾದ ಮೇಲೆ,
ವಿರಾಜಪೇಟೆಗೆ ಬೆಳಗಿನ ಬಸ್ಸು ಎಷ್ಟಕ್ಕೆ
ಎಂದು ಕೇಳಿದಳು.