ಪಟ ತಿರುಗಿಸಿದ ಮೇಲೆ

ಮೂರು ಪತ್ರ ಬರೆದಿದ್ದೆ. ಮಸೇರುವಿನ ಕಚೇರಿಗೆ ಎರಡು,
ಕಡಲಾಚೆಯ ಒಂದು ಶಾಲೆಗೆ ಒಂದು:
ಕುರಿ ಕಾಯುವ ಹುಡುಗರಿಗೆ ರಾತ್ರಿ ಪಾಠ ಹೇಳುತ್ತೇನೆ,
ಆಕಾಶದ ಬಗ್ಗೆ ಏನಿದ್ದರೂ ಕಳಿಸಿ,
ಹಳೆಯದಾದರೂ ಸರಿ, ಅಂಚು ಹರಿದಿದ್ದರೂ ಸರಿ.

ಕಚೇರಿಯಿಂದ ರಸೀತಿ ಬಂತು.
ಕಡಲಾಚೆಯಿಂದ ಪೆಟ್ಟಿಗೆ.
ಪೇಟೆಯವರೆಗೆ ಲಾರಿ, ಅಲ್ಲಿಂದ ಮೇಲಕ್ಕೆ ಕತ್ತೆ.
ಬಿಚ್ಚಿದರೆ ಬಿರುಕು ಬಿಟ್ಟ ಒಂದು ಮಸೂರ,
ಇಲ್ಲೆಲ್ಲೂ ಸಿಗದ ಬ್ಯಾಟರಿಯ ಟಾರ್ಚು,
ಮಡಿಕೆಗಳಲ್ಲಿ ಸವೆದ ಎರಡು ಪಟ.

ಒಂದರ ನಟ್ಟನಡುವೆ ಧ್ರುವ.
ಅಲುಗದವನು. ಉಳಿದವರೆಲ್ಲ ಅವನ ಸುತ್ತ.
"ಎಲ್ಲಿದ್ದಾನೆ, ತೋರಿಸಿ" ಅಂದ ಸೆಖೋಬೆ.
ನಾನು ನೆಲ ತೋರಿಸಿದೆ. ಸಗಣಿ ಸಾರಿಸಿದ ಈ ನೆಲದ ಕೆಳಗೆ,
ಬಂಡೆಯ ಕೆಳಗೆ, ಇಡೀ ಭೂಮಿಯ ಆಚೆ ಬದಿ.
ಅವನು ಬೂಟುಗಾಲಲ್ಲಿ ಎರಡು ಸಲ ಕುಟ್ಟಿ ನೋಡಿದ.
ಬಾಗಿಲಲ್ಲಿ ಮಲಗಿದ್ದ ನಾಯಿಗಳು ಎದ್ದವು.

ಇನ್ನೊಂದರಲ್ಲಿ ಚಂದ್ರ, ಮೂವತ್ತು ದಿನಕ್ಕೆ ಮೂವತ್ತು ಮುಖ.
ತ್ಲಾಲಿ ಕಂಬಳಿ ಎಳೆದುಕೊಂಡು ಹತ್ತಿರ ಬಂದ,
ಲಾಟೀನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ.
"ಟೀಚರ್, ಮೂರನೇ ದಿನದ್ದು ತಪ್ಪು.
ಹೊಸ ಚಂದ್ರನಿಗೆ ಬೆಳಕು ಎಡಗಡೆ ಅಲ್ಲವಾ?
ಇವರು ಬಲಗಡೆ ಹಚ್ಚಿದ್ದಾರೆ."
ತನಗೆ ಹನ್ನೆರಡೋ ಹದಿನಾಲ್ಕೋ ತಿಳಿಯದ ಹುಡುಗ.
ಅಚ್ಚು ಹಾಕಿದವರೇ ತಪ್ಪಿದ್ದಾರೆ ಅನ್ನುವಾಗ
ದನಿ ನಡುಗಲಿಲ್ಲ.

ನಾನು ಕಾಲೇಜಿನ ಪರೀಕ್ಷೆಯಲ್ಲಿ
ಬಲಗಡೆಯೇ ಬರೆದು ಅಂಕ ತೆಗೆದುಕೊಂಡವಳು,
ಒರತೆಗೆ ನೀರಿಗೆ ಹೋಗುವಾಗೆಲ್ಲ
ಎಡಗಡೆ ಕಂಡಿದ್ದರೂ.

ಮೊಳೆ ಕಿತ್ತೆ. ಪಟ ತಲೆಕೆಳಗು ಮಾಡಿ ಹೊಡೆದೆ.
ಚಂದ್ರ ಸರಿಹೋದ, ಅಕ್ಷರ ಕೆಟ್ಟಿತು.
ಇಂಗ್ಲಿಷಿನ ಚಂದ್ರ ಎಮ್ಮಿನಿಂದ ಶುರುವಾಗಬೇಕು;
ನಮ್ಮ ಗೋಡೆಯ ಮೇಲೆ ಎನ್ನಿನಿಂದ ಶುರು, ಡಬ್ಲ್ಯುವಿನಲ್ಲಿ ಮುಕ್ತಾಯ.
ನಡುವಿನ ಎರಡು ಸೊನ್ನೆಗೆ ಮಾತ್ರ
ಯಾವ ಗೊಡವೆಯೂ ಇಲ್ಲ, ಹಾಗೇ ದುಂಡಗೆ.

ತ್ಲಾಲಿಗೆ ಅಕ್ಷರ ಹತ್ತಿದ್ದೇ ಆ ಗೋಡೆಯಿಂದ.
ಅವನ ಧಣಿಯ ಹೆಂಡತಿ ಬೆಟ್ಟ ಇಳಿದು ಬಂದು ದೂರಿದಳು:
ಹೆಸರು ಓದುತ್ತೇನೆಂದು ಮುಸುಕಿನ ಜೋಳದ ಹಿಟ್ಟಿನ ಚೀಲ
ಬೋರಲು ಹಾಕಿದನಂತೆ, ಅರ್ಧ ಹಿಟ್ಟು ಕೋಳಿಗಳ ಪಾಲು.
ನಕ್ಕೆ. ಆಮೇಲೆ ನನ್ನ ಡಬ್ಬಿಯಿಂದ
ಎರಡು ಬಟ್ಟಲು ಅಳೆದು ಕೊಟ್ಟೆ.

ಕಡಲಾಚೆಗೆ ಉತ್ತರ ಬರೆದೆ: ಪೆಟ್ಟಿಗೆ ತಲುಪಿತು, ಉಪಕಾರವಾಯಿತು.
ಚಂದ್ರ ತುಂಬ ಉಪಯೋಗಕ್ಕೆ ಬಂದ.
ಧ್ರುವನನ್ನು ಸುರುಳಿ ಸುತ್ತಿ ಇಟ್ಟಿದ್ದೇನೆ,
ಬೇಕಾದರೆ ವಾಪಸು ಕಳಿಸುತ್ತೇನೆ.

ಮೇ ಕೊನೆಯ ವಾರ. ಇನ್ನೂ ಬೆಳಗಾಗಿಲ್ಲ.
ಬಾಗಿಲು ಬಡಿದ: "ಟೀಚರ್, ನಾಕಾ!"
ಆಗ್ನೇಯದ ಬೆಟ್ಟದ ಹಲ್ಲುಗಳ ಮೇಲೆ ಒಂಟಿಯಾಗಿ
ಅಗಸ್ತ್ಯ, ನಮ್ಮ ನಾಕಾ,
ತಣ್ಣೀರಲ್ಲಿ ಅದ್ದಿ ತೆಗೆದ ಹಾಗೆ.
ಮೊದಲು ಕಂಡವನಿಗೆ ಹಿಂದೆ ದೊರೆಗಳು
ಕಡಸು ಕೊಡುತ್ತಿದ್ದರಂತೆ. ಅವನಿಗದು ಗೊತ್ತು.
ಕೈ ಚಾಚಲಿಲ್ಲ; ಬಾಯಿಂದ ಹಬೆ ಬಿಡುತ್ತ ನಿಂತ.

ನನ್ನ ಬಳಿ ಕಡಸಿಲ್ಲ. ಬಿರುಕು ಮಸೂರವಿತ್ತು, ಕೊಟ್ಟೆ.
ಎಷ್ಟು ದೂರ, ಕೇಳಿದ.
ಆ ಬೆಳಕು ಹೊರಟು ಮುನ್ನೂರು ವರ್ಷ ಅಂದೆ.
"ಅಷ್ಟು ದೂರ, ಕಾಯುವವರು ಯಾರೂ ಇಲ್ಲದೆ ಬಂತಾ?"
ಇದಕ್ಕೆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಕೋಲಿನಿಂದ ಇಬ್ಬನಿ ಹೆಪ್ಪುಗಟ್ಟಿದ ನೆಲದ ಮೇಲೆ
ಅದರ ಹೆಸರು ಬರೆದ, ಇಂಗ್ಲಿಷಿನ ನಾಲ್ಕು ಅಕ್ಷರ.
ನಾನು ನಿಂತಲ್ಲಿಂದ ಎಲ್ಲವೂ ಬುಡಮೇಲು.
ತಿದ್ದಲು ಬಾಗಿದವಳು ತಡೆದೆ,
ಸುತ್ತಿ ಬಂದು ಅವನ ಪಕ್ಕ ನಿಂತೆ.