ಬಿಲ್ಲೆ

ಎದೆಯ ಮೇಲಿನ ಕರಿ ಬಿಲ್ಲೆ ನನ್ನನ್ನು 'ಹಿರಿಯ' ಅನ್ನುತ್ತದೆ.
ವಯಸ್ಸು ಹತ್ತೊಂಬತ್ತು. ಗಡ್ಡ
ಎಡಗೆನ್ನೆಗೆ ಬಂದದ್ದು
ಬಲಗೆನ್ನೆಗೆ ಇನ್ನೂ ಸುದ್ದಿ ಮುಟ್ಟಿಸಿಲ್ಲ.
ಬಂದರೂ ಬೋಳಿಸಬೇಕು, ಅದು ನಿಯಮ.

ಆರೂವರೆಗೆ ಅಲಾರಾಂ. ಮಂಡಿಯೂರಿದರೆ
ಪ್ರಾರ್ಥನೆಗಿಂತ ಮೊದಲು ನೆಲದ ಚಳಿ ಮೇಲೇರುತ್ತದೆ.
ಜತೆಗಾರ ವೈನಿಕೋಲೊ, ಟೋಂಗಾ ದ್ವೀಪದವನು,
ಇಪ್ಪತ್ತು ದಂಡ ಹೊಡೆದು
ಕಿಟಕಿಗೆ ಕಟ್ಟಿದ ಹಿಮವನ್ನು ಉಗುರಲ್ಲಿ ಕೆರೆದು ನೋಡಿ
"ಮೈನಸ್ ಮೂವತ್ತೊಂದು" ಅನ್ನುತ್ತಾನೆ. "ಸಮುದ್ರ ಕಾಣಿಸ್ತಿಲ್ಲ."
ದಿನಾ ಇದೇ ಜೋಕು. ದಿನಾ ನಗುತ್ತೇನೆ.
ಅವನ ಕಣ್ಣಳತೆ ನಾನು ದಾಟುವಂತಿಲ್ಲ, ನನ್ನದು ಅವನು;
ಬಚ್ಚಲಿಗೊಂದೇ ವಿನಾಯಿತಿ.

ಎರ್ದೆನೆತ್. ಮಂಗೋಲಿಯಾದ ತಾಮ್ರದ ಗಣಿಯ ಊರು.
ಇಲ್ಲಿ ಬೀದಿಯಲ್ಲಿ ನಿಂತು ದೇವರ ಮಾತೆತ್ತುವ ಹಾಗಿಲ್ಲ.
ಇಂಗ್ಲಿಷ್ ಕಲಿಸುತ್ತೇವೆ: ಇದು ಸೇಬು, ಅದು ಕಿಟಕಿ.
ಯಾರಾದರೂ ತಾವಾಗಿ ಕೇಳಿದರೆ ಮಾತ್ರ
ಸೇಬಿನಿಂದಾಚೆ ಹೋಗಬಹುದು.
ನವೆಂಬರಿನಿಂದ ಕೇಳಿದವರು ಇಬ್ಬರು.
ಅದರಲ್ಲೊಬ್ಬ ಕೇಳಿದ್ದು ನನ್ನ ಬೂಟಿನ ಬೆಲೆ.

ದುಲಮ್‌ಸುರೆನ್ ಅಜ್ಜಿ ಏನೂ ಕೇಳಲಿಲ್ಲ.
ಮೊಮ್ಮಗ ತೆಮುಲೆನ್ ತರಗತಿಗೆ ಬರುತ್ತಾನೆ, ಅಷ್ಟೇ ನಂಟು.
ಗುಡ್ಡದ ಮೇಲಿನ ಗೆರ್ ಡೇರೆಗಳಿಗೆ ನಲ್ಲಿಯಿಲ್ಲ.
ಗುರುವಾರ ನೀರಿನ ಕಟ್ಟೆಯಿಂದ
ಅವಳ ಕ್ಯಾನುಗಳನ್ನು ಕೈಗಾಡಿಯಲ್ಲಿ ತಳ್ಳುತ್ತೇವೆ.
ತುಳುಕಿದ ನೀರು ಪ್ಯಾಂಟಿಗೆ ಬಿದ್ದದ್ದೇ
ಪ್ಯಾಂಟು ತಗಡು.

ಮೊದಲ ಸಲ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಚಾಚಿದಳು:
ಉಪ್ಪು ಹಾಕಿದ ಹಾಲಿನ ಚಹಾ.
ಚಹಾ ನಮಗೆ ನಿಷಿದ್ಧ. ಬಾಯಿಪಾಠ ಮಾಡಿದ ವಾಕ್ಯ ಒಪ್ಪಿಸಿದೆ.
ವಿಭಕ್ತಿ ಜಾರಿತು.
'ಚಹಾ ನಮ್ಮನ್ನು ಕುಡಿಯುವುದಿಲ್ಲ' ಅಂದೆನಂತೆ.
ತೆಮುಲೆನ್ ಮಂಚದಿಂದ ಉರುಳಿ ನಕ್ಕ.
ಅಜ್ಜಿ ನಗಲಿಲ್ಲ. ಬಟ್ಟಲು ವಾಪಸು ತಗೊಂಡು
ಒಲೆಯ ಕಡೆ ನೋಡುತ್ತ ಕೂತಳು.

ಮುಂದಿನ ಗುರುವಾರ ಅದೇ ಬಟ್ಟಲು, ಎಲೆಯಿಲ್ಲ:
ಹಾಲು, ಬಿಸಿನೀರು, ಚಿಟಿಕೆ ಉಪ್ಪು.
"ಹ್ಯಾರಮ್" ಅಂದಳು. "ಎಳೆಯರಿಗೆ ಕೊಡ್ತೀವಿ.
ಹಿರಿಯರಿಗೂ ಆದೀತು."

ಆಮೇಲೆ, ಯಾಕೋ, ಪೆಟ್ಟಿಗೆ ತೆರೆದಳು.
ರುಮಾಲಿನ ಗಂಟಲ್ಲಿ ಒಂದು ಬಿಲ್ಲೆ, ಕೆಂಪು ಬಣ್ಣ ಚಕ್ಕೆ ಎದ್ದದ್ದು.
"ನಿನ್ನ ವಯಸ್ಸಲ್ಲಿ ನಾನೂ ಅವರಿವರ ಮನೆಮುಂದೆ ನಿಂತು
'ನಾಯಿ ಹಿಡೀರಿ' ಅಂತ ಕೂಗಿದವಳೇ.
ಇಬ್ಬಿಬ್ಬರೇ ಹೋಗೋದು. ಕುದುರೆ ಮೇಲೆ. ಪಕ್ಷ ಕಳಿಸಿತ್ತು.
ಹಾಸಿಗೆಗೆ ಬಿಳಿ ಬಟ್ಟೆ ಇದೆಯಾ, ತಲೇಲಿ ಹೇನಿದೆಯಾ,
ಅಕ್ಷರ ಬರುತ್ತಾ, ಎಲ್ಲಾ ಪುಸ್ತಕದಲ್ಲಿ ಬರೀಬೇಕು.
ದೇವರಿಲ್ಲ ಅಂತಲೂ ಹೇಳಬೇಕು."

ಕೇಳಿಸಿಕೊಂಡರಾ, ಅಂದೆ.

"ಚಹಾ ಕೊಟ್ಟರು.
ಒಬ್ಬ ಮುದುಕ ನಮ್ಮೆದುರಿಗೇ ಬುದ್ಧನ ಪಟ ಇಳಿಸಿದ.
ನಾವು ದಿಬ್ಬ ದಾಟೋ ಮೊದಲೇ ಮತ್ತೆ ಏರಿಸಿರ್ತಾನೆ.
ನಾನು ತಿರುಗಿ ನೋಡಲಿಲ್ಲ.
ನೋಡಿದ್ರೆ ಬರೀಬೇಕಾಗ್ತಿತ್ತಲ್ಲ."

ವೈನಿಕೋಲೊ ತನ್ನ ಬಟ್ಟಲು ಮುಗಿಸಿ ಇನ್ನೊಂದು ಕೇಳಿದ.
ನನ್ನದರ ಮೇಲೆ ಕೆನೆ ಕಟ್ಟಿತ್ತು.

ಭಾನುವಾರ ರಾತ್ರಿ ವಾರದ ಲೆಕ್ಕ ಒಪ್ಪಿಸಬೇಕು:
ಎಷ್ಟು ಪಾಠ, ಎಷ್ಟು ಹೊಸಬರು, ಸೇವೆ ಎಷ್ಟು ಗಂಟೆ.
ಸೋಮವಾರ ಬಟ್ಟೆ ಒಗೆದು ಅಮ್ಮನಿಗೆ ಬರೆಯುತ್ತೇನೆ:
ಚಳಿ ಇದೆ. ಕಾಲುಚೀಲ ತಲುಪಿತು. ಚೆನ್ನಾಗಿದ್ದೇನೆ.
ಐಡಾಹೊದಲ್ಲಿ ಅವಳು ಅದನ್ನು ಅಡುಗೆಮನೆಯಲ್ಲಿ
ಗಟ್ಟಿಯಾಗಿ ಓದುತ್ತಾಳೆ, ತಂಗಿಯರಿಗೆ ಕೇಳುವ ಹಾಗೆ.
ಹಾಗೆ ಓದಿಸುವಂಥದ್ದನ್ನೇ ಬರೆಯುತ್ತೇನೆ.

ಈ ಭಾನುವಾರ ವೈನಿಕೋಲೊ ಪೆನ್ನು ಹಿಡಿದು ಕೂತ.
"ಗುರುವಾರ, ಅಜ್ಜಿ ಮನೆ. ಪಾಠ ಒಂದು ಅಂತ ಬರೀಲಾ?"

ನಾನು ಕಿಟಕಿಯ ಹಿಮ ಕೆರೆದೆ.
ಗುಡ್ಡದ ಮೇಲೆ ಎಲ್ಲರ ಹೊಗೆಯೂ ಒಂದಾಗಿತ್ತು,
ಯಾವುದು ಅವಳ ಒಲೆಯದೋ ತಿಳಿಯಲಿಲ್ಲ.

"ಸಮುದ್ರ ಕಾಣಿಸ್ತಿಲ್ಲ" ಅಂದೆ.

ಅವನು ನಗಲಿಲ್ಲ.
ಸೇವೆ, ಎರಡು ಗಂಟೆ, ಅಂತ ಬರೆದು
ಪೆನ್ನಿನ ಮುಚ್ಚಳ ಹುಡುಕತೊಡಗಿದ.